ಡಿಎನ್‌ಜಿ ಫೈಲೂ ನನ್ನ ಕೊನೆಗಾಲವೂ

ನಾನು ಇನ್ನು ಹೆಚ್ಚು ದಿನ ಬದುಕುವುದಿಲ್ಲ ಎಂಬ ವಿಷಯ ಸುದ್ದಗುಂಟೆಪಾಳ್ಯದ ನಮ್ಮ ಅಡ್ಡರಸ್ತೆಯಲ್ಲಿ ಮೊದಲು ತಿಳಿದದ್ದು ನನ್ನ ಮನೆ ಮಾಲೀಕರಿಗೆ. ಆಮೇಲೆ ಪಕ್ಕದ ಮನೆಯವರಿಗೆ, ಹಾಲಿನವನಿಗೆ, ಇಸ್ತ್ರಿ ಅಂಗಡಿಯವನಿಗೆ, ಗಿರಿನಗರದಲ್ಲಿರುವ ನನ್ನ ತಂಗಿಗೆ. ಎಲ್ಲರಿಗಿಂತ ಕೊನೆಗೆ ತಿಳಿದದ್ದು ನನಗೆ. ಇದರಲ್ಲಿ ಯಾರ ತಪ್ಪೂ ಇಲ್ಲ. ಇದ್ದರೆ ನನ್ನದೇ ಇರಬೇಕು. ಸಾಮಾನ್ಯವಾಗಿ ಹಾಗೆಯೇ ಇರುತ್ತದೆ.

ನನ್ನ ಹೆಸರು ಭೀಮೇಶ್. ಹೆಸರಿಗೂ ನನ್ನ ಮೈಕಟ್ಟಿಗೂ ಸಂಬಂಧವಿಲ್ಲ. ತಿಲಕ್ ನಗರದಲ್ಲಿ ಔಷಧ ಸಗಟು ವ್ಯಾಪಾರಿಯೊಬ್ಬರ ಬಳಿ ಬಿಲ್ಲಿಂಗ್ ನೋಡಿಕೊಳ್ಳುತ್ತೇನೆ. ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮಾಡಿದವನು. ಹಗಲು ಕಾಲೇಜಿನಲ್ಲಿ ಓದಿದವರಿಗೆಲ್ಲ ಗೊತ್ತಿರುವ ಯಾವುದೋ ಒಂದು ವಿಷಯ ನನಗೆ ಮಾತ್ರ ತಪ್ಪಿಹೋಗಿದೆ ಎಂಬ ಅನುಮಾನ ಅಂದಿನಿಂದಲೂ ಇದೆ. ಅದಕ್ಕೇ ಸಂಜೆ ಕ್ಲಾಸ್ ಎಂಬ ಬೋರ್ಡು ಎಲ್ಲಿ ಕಂಡರೂ ಸೇರಿಕೊಳ್ಳುತ್ತೇನೆ. ಟ್ಯಾಲಿ ಕಲಿತೆ, ಸ್ಪೋಕನ್ ಇಂಗ್ಲಿಷ್ ಕಲಿತೆ. ಒಂದು ಸಲ ಮಹಡಿ ತಪ್ಪಿ ಗೃಹಿಣಿಯರ ಕೇಕ್ ತಯಾರಿಕೆ ಕ್ಲಾಸಿನಲ್ಲಿ ಕುಳಿತು, ನಡುವೆ ಎದ್ದು ಬರುವುದು ಮರ್ಯಾದೆಯಲ್ಲ ಎಂದು ಅದನ್ನೂ ಪೂರ್ತಿ ಮುಗಿಸಿದೆ. ಮದುವೆ ಮಾತ್ರ ಆಗಲಿಲ್ಲ. ಅದಕ್ಕೆ ಸಂಜೆ ಕ್ಲಾಸ್ ಇರಲಿಲ್ಲ.

ಹೋದ ವರ್ಷ ಒಂದು ಹಳೇ ಕ್ಯಾಮೆರಾ ಕೊಂಡು, ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಬೇಕರಿಯ ಮೇಲಿನ ಮಹಡಿಯಲ್ಲಿ ನಡೆಯುವ ಫೋಟೋಗ್ರಫಿ ಕ್ಲಾಸಿಗೆ ಸೇರಿದೆ. ಮೇಷ್ಟರು ಬಸವಪ್ರಸಾದ್. ಕೊನೆಯ ದಿನ ಅವರು ಒಂದು ಪಾಠ ಹೇಳಿದರು. ನನ್ನ ಕೊನೆಗಾಲ ಶುರುವಾದದ್ದು ಅಲ್ಲಿಂದ.

ಕ್ಯಾಮೆರಾ ಫೋಟೋವನ್ನು ಎರಡು ಥರ ಉಳಿಸುತ್ತದೆಯಂತೆ. ಒಂದು ಜೆಪೆಗ್, ಅದು ಹೊಲಿದ ಅಂಗಿ. ಎಲ್ಲರೂ ಹಾಕಿಕೊಳ್ಳಬಹುದು, ಆದರೆ ಕತ್ತರಿಸಿ ಎಸೆದ ಬಟ್ಟೆ ವಾಪಸು ಬರುವುದಿಲ್ಲ. ಇನ್ನೊಂದು ರಾ ಫೈಲು. ಅದು ಕತ್ತರಿ ಮುಟ್ಟದ ಬಟ್ಟೆ ಪೀಸು. ಯಾವತ್ತು ಬೇಕಾದರೂ, ಹೇಗೆ ಬೇಕಾದರೂ ಹೊಲಿದುಕೊಳ್ಳಬಹುದು. ಇಷ್ಟರವರೆಗೆ ನನಗೆ ತೊಂದರೆಯಿರಲಿಲ್ಲ. ತೊಂದರೆ ಬಂದದ್ದು ರಾ ಫೈಲಿನಲ್ಲೂ ಎರಡು ಜಾತಿ ಎಂದಾಗ. ಒಂದು, ಕ್ಯಾಮೆರಾ ಕಂಪನಿಯದೇ ಸ್ವಂತ ಫೈಲು. ಅದರ ಒಳಗುಟ್ಟು ಪೂರ್ತಿ ಗೊತ್ತಿರುವುದು ಆ ಕಂಪನಿಗೇ. ಕಂಪನಿ ಬಾಗಿಲು ಹಾಕಿದರೆ ಮುಂದೆ ತೆರೆಯುವವರು ಸಿಗದೆ ಹೋಗಬಹುದು. ಇನ್ನೊಂದು ಡಿಎನ್‌ಜಿ. ಅದರ ಅಳತೆಯೆಲ್ಲ ಬಹಿರಂಗ, ಯಾವ ದರ್ಜಿ ಬೇಕಾದರೂ ಬಿಚ್ಚಿ ನೋಡಬಹುದು. ಆದರೆ ಮೊದಲನೆಯದನ್ನು ಎರಡನೆಯದಕ್ಕೆ ಬದಲಾಯಿಸುವಾಗ ಕಂಪನಿ ತನಗಾಗಿ ಬರೆದಿಟ್ಟುಕೊಂಡ ಒಂದೆರಡು ವಿವರ ಉದುರಿಹೋಗಬಹುದು.

"ಐವತ್ತು ವರ್ಷ ಆದ್ಮೇಲೆ ನಿಮ್ಮ ಫೋಟೋ ಓಪನ್ ಆಗ್ಬೇಕಾ ಬೇಡ್ವಾ? ಯೋಚನೆ ಮಾಡಿ ಆರಿಸ್ಕೊಳ್ಳಿ," ಎಂದು ಹೇಳಿ ಬಸವಪ್ರಸಾದ್ ಎಲ್ಲರಿಗೂ ಸರ್ಟಿಫಿಕೇಟ್ ಕೊಟ್ಟರು. ಉಳಿದವರು ಮಸಾಲೆಪೂರಿ ತಿನ್ನಲು ಹೋದರು. ಯೋಚನೆ ಮಾಡಿ ಎಂದು ಮೇಷ್ಟರು ಹೇಳಿದ ಮೇಲೆ ಮಾಡದಿರುವುದು ಹೇಗೆ? ನಾನು ಮಾಡಲು ಶುರುಮಾಡಿದೆ. ನಾಲ್ಕು ತಿಂಗಳು ಮಾಡಿದೆ.

ನನ್ನ ಫೋಟೋಗಳು ಲೋಕಕ್ಕೆ ಬೇಕಾದಂಥವಲ್ಲ. ಟೆರೇಸಿನ ಬಟ್ಟೆ ಹಗ್ಗ, ಸಂಪಿನ ಮುಚ್ಚಳದ ಮೇಲೆ ಮಲಗಿದ ಬೆಕ್ಕು, ಹೊಸಿಲಲ್ಲಿ ಕುಳಿತು ಸೊಪ್ಪು ಬಿಡಿಸುವ ಮಾಲೀಕರ ತಾಯಿ ಮಾರಮ್ಮ. ಅವುಗಳನ್ನು ನನ್ನ ಹೊರತು ಯಾರೂ ನೋಡಿರಲಿಲ್ಲ. ನೋಡುವವರಿಲ್ಲದ ಮೇಲೆ, ಕೆಡದ ಹಾಗೆ ಇಡುವ ಕೆಲಸವಾದರೂ ಸರಿಯಾಗಿ ನಡೆಯಲಿ ಎಂಬುದು ನನ್ನ ವಾದ. ಫೈಲು ಐವತ್ತು ವರ್ಷ ಉಳಿಯುತ್ತದೆ, ಸರಿ. ಆದರೆ ನಾನು? ಆ ಹೊತ್ತಿಗೆ ಬೀರು ತೆಗೆದು, ಡಿಸ್ಕು ಹಾಕಿ, ಪಾಸ್‌ವರ್ಡ್ ಒತ್ತುವ ಒಬ್ಬರು ಬೇಡವೇ?

ಒಂದು ಭಾನುವಾರ ಬೆಳಿಗ್ಗೆ ಕೆಳಗಿನ ಮನೆಗೆ ಹೋದೆ. ಮಾಲೀಕರು ಸಂಜೀವಯ್ಯ, ಜಲಮಂಡಳಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಎಲ್ಲವನ್ನೂ ಮುಂಚಿತವಾಗಿ ಮಾಡಿಟ್ಟುಕೊಳ್ಳುವ ಮನುಷ್ಯ. ಅವರ ನಡುಮನೆಯ ಗೋಡೆಯಲ್ಲಿ ಬುದ್ಧ, ಪಕ್ಕದಲ್ಲಿ ಬಾಬಾಸಾಹೇಬರು, ಅವರ ಪಕ್ಕದಲ್ಲಿ ಸಂಜೀವಯ್ಯನವರ ತಂದೆ ಹಾರ ಹಾಕಿಕೊಂಡು ಕುಳಿತಿದ್ದಾರೆ. ಅದರ ಪಕ್ಕ ಒಂದು ಖಾಲಿ ಮೊಳೆ. "ಡ್ರಿಲ್ಲಿಂಗ್ ಮೆಷಿನ್‌ನೋನು ಬಂದಿದ್ನಲ್ಲ, ಒಟ್ಟಿಗೇ ಎರಡೂ ಹೊಡೆಸ್ಬಿಟ್ಟೆ," ಎಂದು ಅವರು ನನಗೆ ಹಿಂದೆಯೇ ವಿವರಿಸಿದ್ದರು. ಆ ಎರಡನೆಯದು ಯಾರಿಗೆಂದು ಅದರ ಕೆಳಗೇ ಕುಳಿತು ಹುರುಳಿಕಾಳು ಆರಿಸುತ್ತಿದ್ದ ಮಾರಮ್ಮನವರಿಗೂ ಗೊತ್ತಿತ್ತು.

ಮೆಟ್ಟಿಲಿಳಿಯುವಾಗ ನಾನು ಪೀಠಿಕೆಯನ್ನೆಲ್ಲ ಮನಸ್ಸಿನಲ್ಲಿ ಹೇಳಿಕೊಂಡು ಬಂದಿದ್ದೆ: ಕ್ಯಾಮೆರಾ, ಕ್ಲಾಸು, ಎರಡು ಜಾತಿಯ ಫೈಲು. ಬಾಗಿಲು ತೆರೆಯುವ ಹೊತ್ತಿಗೆ ಅದನ್ನೆಲ್ಲ ಅವರಿಗೂ ಹೇಳಿಯಾಗಿದೆ ಎಂದು ನನಗನಿಸಿಬಿಟ್ಟಿತ್ತು. ಹೇಳಿರಲಿಲ್ಲವಂತೆ.

"ಸಾರ್, ನಾನಿಲ್ಲದಾಗ ನನ್ನ ಬೀರು ತೆಗೆಯೋಕೆ ಒಬ್ಬರು ಬೇಕು. ನಿಮ್ಮ ಹೆಸರು ಹಾಕ್ಲಾ?"

"ಯಾಕೆ, ಎಲ್ಲಾದ್ರೂ ಟೂರ್ ಹೊರಟ್ರಾ?"

"ಇಲ್ಲ ಸಾರ್. ಪರ್ಮನೆಂಟಾಗಿ ಇಲ್ಲದಾಗ."

ಸಂಜೀವಯ್ಯನವರ ಕಾಫಿ ಲೋಟ ಅರ್ಧದಲ್ಲೇ ನಿಂತಿತು. "ಏನ್ ಭೀಮೇಶ್ ಹಿಂಗಂತೀರಿ? ಎಷ್ಟು ದಿನದಿಂದ ಇದು?"

"ನಾಲ್ಕು ತಿಂಗಳಾಯ್ತು ಸಾರ್. ಗೊತ್ತಾದಾಗಿಂದ ಸರಿಯಾಗಿ ನಿದ್ದೆ ಇಲ್ಲ."

"ತಿಳಿದೋರಿಗೆ ತೋರಿಸಿದ್ರಾ?"

"ಜಯನಗರದಲ್ಲಿ ಬಸವಪ್ರಸಾದ್ ಅಂತ ಇದ್ದಾರೆ, ಅವರಿಗೆ ತೋರಿಸ್ದೆ. ಎರಡೇ ದಾರಿ ಅಂದ್ರು. ಹೀಗೇ ಬಿಟ್ರೆ ಎಲ್ಲ ಇದ್ದ ಹಾಗೇ ಇರುತ್ತೆ, ಆದ್ರೆ ಎಷ್ಟು ದಿನ ಅಂತ ಯಾರೂ ಗ್ಯಾರಂಟಿ ಕೊಡಲ್ಲ. ಬದಲಾಯಿಸಿದ್ರೆ ಬಾಳಿಕೆ ಬರುತ್ತೆ, ಆದ್ರೆ ಒಳಗಿಂದ ಸ್ವಲ್ಪ ಹೋಗುತ್ತೆ."

"ಒಳಗಿಂದ ಹೋಗುತ್ತಾ?"

"ಬಹಳ ಅಲ್ಲ ಸಾರ್. ಹೊರಗಿಂದ ನೋಡಿದೋರಿಗೆ ಗೊತ್ತೇ ಆಗಲ್ಲ."

ಸಂಜೀವಯ್ಯ ನನ್ನನ್ನು ಹೊರಗಿಂದ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಭುಜ ಹಿಡಿದು, "ಧೈರ್ಯವಾಗಿರಿ. ಬೀರು ವಿಷಯ ನನಗೆ ಬಿಡಿ," ಎಂದರು. ಒಂದು ತಾಂತ್ರಿಕ ಸಮಸ್ಯೆಯನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡ ಮನುಷ್ಯನನ್ನು ನಾನು ಅದುವರೆಗೆ ಕಂಡಿರಲಿಲ್ಲ. ಮಾರಮ್ಮ ಮಾತ್ರ ಹುರುಳಿಕಾಳಿನಿಂದ ತಲೆಯೆತ್ತಿ ನನ್ನನ್ನೊಮ್ಮೆ, ಮೊಳೆಯನ್ನೊಮ್ಮೆ ನೋಡಿದರು.

ಮರುದಿನ ಆಫೀಸಿನಿಂದ ಒಂದು ಥರ್ಮೊಕೋಲ್ ಪೆಟ್ಟಿಗೆ ತಂದೆ. ಇನ್ಸುಲಿನ್ ಬರುತ್ತದಲ್ಲ, ಅಂಥದ್ದು. ಫೋಟೋಗಳಿರುವ ಹಾರ್ಡ್ ಡಿಸ್ಕಿಗೆ ಸೆಖೆಯೂ ಆಗಿಬರುವುದಿಲ್ಲ, ತೇವವೂ ಆಗಿಬರುವುದಿಲ್ಲ. ಅದಕ್ಕೆ ಔಷಧದ ಡಬ್ಬಿಗಳಲ್ಲಿ ಬರುವ ತೇವ ಹೀರುವ ಪೊಟ್ಟಣಗಳನ್ನೂ ಒಂದು ಕವರಿನ ತುಂಬ ತಂದಿದ್ದೆ. ಮೆಟ್ಟಿಲ ಮೇಲೆ ಪಕ್ಕದ ಮನೆಯ ಹುಲಿಗೆವ್ವ ಸಿಕ್ಕರು. ಕೊಪ್ಪಳದ ಕಡೆಯವರು, ಬಿಟಿಎಂನ ಒಂದು ಪಿಜಿಯಲ್ಲಿ ಅಡುಗೆ ಮಾಡುತ್ತಾರೆ, ಗಂಡ ನೀಲಕಂಠಪ್ಪ ಒಂದು ಆಫೀಸಿನಲ್ಲಿ ಸೆಕ್ಯೂರಿಟಿ. ಎರಡು ವರ್ಷದಿಂದ ಅಕ್ಕಪಕ್ಕ ಇದ್ದರೂ ನಮ್ಮ ಮಾತು "ನೀರು ಬಂತಾ?" ಎಂಬುದನ್ನು ದಾಟಿರಲಿಲ್ಲ.

"ಅಣ್ಣಾರ, ಏನ್ರೀ ಇದು ಔಷಧದ ಪೆಟ್ಟಿಗಿ?"

"ಇದರೊಳಗಿಟ್ರೆ ಇನ್ನೊಂದಿಷ್ಟು ದಿನ ಬರುತ್ತೆ ಅಂತ ಆಸೆ ಅಕ್ಕ."

"ಮನ್ಯಾಗ ಮತ್ಯಾರಿಗೂ ಗೊತ್ತಿಲ್ಲೇನ್ರೀ?"

"ಮನೇಲಿ ಇರೋನು ನಾನೊಬ್ಬನೇ ಅಲ್ವಾ."

ಹುಲಿಗೆವ್ವ ಸೆರಗಿನಿಂದ ಕಣ್ಣೊತ್ತಿಕೊಂಡು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಮೆತ್ತಗೆ ಬೇಯಿಸಿದ ಬೇಳೆ ಬಂದವು. ಮಾರನೆಯ ದಿನವೂ ಬಂದವು. ಅದರ ಮಾರನೆಯ ದಿನ ರೊಟ್ಟಿಯ ಜೊತೆ ನೀಲಕಂಠಪ್ಪನೂ ಬಂದರು.

ನನ್ನ ಮನೆಗೆ ಗ್ಯಾಸ್ ಸಿಲಿಂಡರಿನವನು ಬಿಟ್ಟರೆ ಬರುವವರು ಇರಲಿಲ್ಲ. ಅವನೂ ಒಳಗೆ ಬರುತ್ತಿರಲಿಲ್ಲ, ಹೊಸಿಲಲ್ಲೇ ಇಳಿಸಿ ಹೋಗುತ್ತಿದ್ದ. ಈಗ ಸಂಜೆಯಾದರೆ ಜನ. ಸಂಜೀವಯ್ಯ ಬಂದು ಕುಳಿತು ನಿಟ್ಟುಸಿರು ಬಿಡುತ್ತಿದ್ದರು. ಇಸ್ತ್ರಿ ಅಂಗಡಿಯವನು ಬಟ್ಟೆಯನ್ನು ತಾನೇ ಮೇಲೆ ತಂದುಕೊಟ್ಟು, "ನೀವ್ ಇಳೀಬೇಡಿ ಸಾರ್," ಎಂದ. ಹಾಲಿನವನು ಕಾಲಿಂಗ್ ಬೆಲ್ ಒತ್ತಿ ನಮಸ್ಕಾರ ಹೇಳಲು ಶುರುಮಾಡಿದ. ನಾನು ಆರು ಟೀ ಲೋಟದ ಹೊಸ ಸೆಟ್ಟು ಕೊಂಡೆ. ಅದುವರೆಗೆ ಮನೆಯಲ್ಲಿ ಇದ್ದದ್ದು ಒಂದೇ ಲೋಟ. ಬಂದವರಿಗೆಲ್ಲ ಡಿಎನ್‌ಜಿ ವಿಷಯ ಬಿಡಿಸಿ ಹೇಳುತ್ತಿದ್ದೆ. ಅವರು ನಡುವೆ ಬಾಯಿ ಹಾಕದೆ, ತಲೆಯಾಡಿಸಿ, ಒದ್ದೆ ಕಣ್ಣಿನಿಂದ ಕೇಳುತ್ತಿದ್ದರು. ಡಿಎನ್‌ಜಿ ಎಂಬುದೊಂದು ಕಾಯಿಲೆ ಎಂದು ನೀಲಕಂಠಪ್ಪ ತಮ್ಮ ಆಫೀಸಿನಲ್ಲಿ ಹೇಳಿದ್ದರಂತೆ. ಅದು ಬಂದವರು ಉಳಿದದ್ದನ್ನು ನೋಡಿಲ್ಲ ಎಂದು ಅಲ್ಲಿ ಯಾರೋ ದೃಢಪಡಿಸಿದರಂತೆ.

ಒಂದು ಸಂಜೆ ಸಂಜೀವಯ್ಯ ಯಾರೋ ಗಂಡಹೆಂಡತಿಯನ್ನು ಕರೆದುಕೊಂಡು ಬಂದರು. "ಇವರು ಸುಮ್ನೆ ಗಾಳಿ ಬೆಳಕು ನೋಡ್ಕೊಂಡು ಹೋಗ್ತಾರೆ. ಅರ್ಜೆಂಟೇನಿಲ್ಲ. ನೀವು ನಿಧಾನಕ್ಕೆ." ಬೆಳಕಿನ ಬಗ್ಗೆ ಆಸಕ್ತಿಯಿರುವ ಜನ ಸಿಕ್ಕರೆಂದು ನನಗೆ ಖುಷಿ. ಕಿಟಕಿಯ ಬೆಳಕು ಯಾವ ಹೊತ್ತಿಗೆ ಹೇಗೆ ಬೀಳುತ್ತದೆ ಎಂದು ಪೂರ್ತಿ ವಿವರಿಸಿದೆ. ಆಕೆ ಅಡುಗೆಮನೆಯ ಕಟ್ಟೆಯ ಅಳತೆ ತೆಗೆದುಕೊಂಡಳು. ಆತ ಹೋಗುವಾಗ ನನ್ನ ಕೈ ಹಿಡಿದು, "ನಿಮ್ಮಂಥೋರ ಧೈರ್ಯ ನೋಡಿ ನಾವು ಕಲೀಬೇಕು ಸಾರ್," ಎಂದ.

ಇಷ್ಟು ಪ್ರೋತ್ಸಾಹ ಸಿಕ್ಕ ಮೇಲೆ ಡಿಸ್ಕಿನ ಇನ್ನೊಂದು ಪ್ರತಿಯನ್ನು ಬ್ಯಾಂಕ್ ಲಾಕರಿನಲ್ಲಿಡುವುದು ನನ್ನ ಕರ್ತವ್ಯವಾಯಿತು. ಲಾಕರ್ ನೋಡಿಕೊಳ್ಳುವ ಮೇಡಂ ಹೆಸರು ಉಮಾಶ್ರೀ ಎಂದು ಮೇಜಿನ ಮೇಲೆ ಬರೆದಿತ್ತು.

"ನಾಮಿನಿ ಯಾರು ಸಾರ್?"

"ನಮ್ಮ ಓನರ್ ತಾಯಿ ಮಾರಮ್ಮ ಅಂತ ಹಾಕಬಹುದಾ ಮೇಡಂ? ಒಳಗಿರೋದರಲ್ಲಿ ಜಾಸ್ತಿ ಅವರದೇ."

"ಅವರ ವಯಸ್ಸು?"

"ಎಂಬತ್ತರ ಹತ್ತಿರ."

"ಸಾರ್, ನಾಮಿನಿ ಅಂದ್ರೆ ನಿಮ್ಮ ನಂತರ ಇಲ್ಲಿಗೆ ಬರೋರು."

"ಬರ್ತಾರೆ ಮೇಡಂ. ಮಂಡಿ ನೋವಿದೆ, ಆದ್ರೂ ನಿಧಾನಕ್ಕೆ ಬರ್ತಾರೆ."

ಉಮಾಶ್ರೀ ಪೆನ್ನು ಕೆಳಗಿಟ್ಟರು. "ಅಣ್ಣ ತಮ್ಮ, ಅಕ್ಕ ತಂಗಿ ಯಾರೂ ಇಲ್ವಾ?"

"ತಂಗಿ ಇದ್ದಾಳೆ."

"ಮತ್ತೆ?"

"ಸುಮ್ನೆ ತೊಂದರೆ ಕೊಡೋದು ಹೇಗೆ ಅಂತ."

ನನ್ನ ಹಿಂದೆ ನಿಂತಿದ್ದ ಸಾಲಿನಲ್ಲಿ ಯಾರೋ "ಅಯ್ಯೋ ಪಾಪ" ಎಂದರು. ಯಾರಿಗೆ ಎಂದು ತಿರುಗಿ ನೋಡಿದೆ. ಎಲ್ಲರೂ ಗೋಡೆ ನೋಡುತ್ತಿದ್ದರು.

ಅಲ್ಲಿಂದಲೇ ತಂಗಿ ರೇಖಾಗೆ ಫೋನ್ ಮಾಡಿದೆ.

"ಅಣ್ಣ? ಇವತ್ತು ಗೌರಿ ಹಬ್ಬ ಅಲ್ವಲ್ಲ. ಯಾಕೆ ಫೋನ್ ಮಾಡ್ದೆ?" ಎಂದಳು ರೇಖಾ. ಅವಳು ಕೇಳಿದ್ದರಲ್ಲಿ ತಪ್ಪಿಲ್ಲ. ವರ್ಷಕ್ಕೊಮ್ಮೆ, ಬಾಗಿನ ಕೊಡಲು ಯಾವಾಗ ಬರಲಿ ಎಂದು ಕೇಳುವುದಕ್ಕೆ ಬಿಟ್ಟರೆ ನಾನು ಫೋನ್ ಮಾಡುವವನಲ್ಲ. ಅವಳಿಗೆ ಸಂಸಾರವಿದೆ.

"ಆಧಾರ್‌ನಲ್ಲಿ ನಿನ್ನ ಹೆಸರು ಹೇಗಿದೆ ಹೇಳು. ನಾಮಿನಿ ಹಾಕ್ಬೇಕು."

"ಯಾರಿಗೆ ನಾಮಿನಿ?"

"ನನಗೆ."

"ಅಣ್ಣ, ನೀನು ಹುಷಾರಾಗಿದ್ದೀಯ ತಾನೆ?"

"ನನಗೇನೂ ಇಲ್ಲ. ನನ್ನ ನಂತರದ ಚಿಂತೆ ಅಷ್ಟೆ. ನೀನು ಗಾಬರಿ ಆಗ್ಬೇಡ. ಸಂಜೀವಯ್ಯ ಎಲ್ಲ ನೋಡ್ಕೋತೀನಿ ಅಂದಿದ್ದಾರೆ."

ರೇಖಾ ಸಂಜೀವಯ್ಯನವರಿಗೆ ಫೋನ್ ಮಾಡಿದಳು. ಸಂಜೀವಯ್ಯ ತಮಗೆ ತಿಳಿದದ್ದನ್ನೆಲ್ಲ ತಗ್ಗಿದ ದನಿಯಲ್ಲಿ ಹೇಳಿದರು. ಶನಿವಾರ ನನ್ನ ಬಾಗಿಲಿಗೆ ಬಂದು, "ನಾಳೆ ಎಲ್ಲರೂ ಕೂತು ಒಂದು ತೀರ್ಮಾನಕ್ಕೆ ಬರೋಣ ಭೀಮೇಶ್. ನಿಮ್ಮ ತಂಗಿ, ಭಾವಮೈದುನರೂ ಬರ್ತಾ ಇದ್ದಾರೆ," ಎಂದರು.

ಒಂದು ಫೈಲ್ ನಮೂನೆಯ ಬಗ್ಗೆ ಸುದ್ದಗುಂಟೆಪಾಳ್ಯದಲ್ಲಿ ಸಭೆ ಸೇರುವುದು ಸಣ್ಣ ವಿಷಯವಲ್ಲ. ನಾನು ಅಂಗಿ ಇಸ್ತ್ರಿ ಮಾಡಿಸಿದೆ. ಲ್ಯಾಪ್‌ಟಾಪನ್ನು ಎತ್ತರಕ್ಕಿಟ್ಟೆ. ಕುರ್ಚಿ ಸಾಲದೆ, ಡಿಸ್ಕಿಗೆಂದು ತಂದಿದ್ದ ಕಬ್ಬಿಣದ ಟ್ರಂಕಿಗೆ ಬೆಡ್‌ಶೀಟು ಹೊದಿಸಿ ಆಸನ ಮಾಡಿದೆ. ಆರು ಲೋಟಗಳನ್ನೂ ತೊಳೆದು ಬೋರಲು ಹಾಕಿದೆ.

ಎಲ್ಲರೂ ಬಂದರು. ರೇಖಾಳ ಕಣ್ಣು ಕೆಂಪಾಗಿತ್ತು. ಅವಳ ಗಂಡ ದೇವರಾಜ್ ಒಂದು ಗೊಂಚಲು ಎಳನೀರು, ಒಂದು ದೊಡ್ಡ ಹಾರ್ಲಿಕ್ಸ್ ಡಬ್ಬ ಹಿಡಿದು ಬಂದರು. ಸಂಜೀವಯ್ಯ ಇದ್ದರು. ಹುಲಿಗೆವ್ವ ಬಂದು, ತಮ್ಮೂರ ಕಡೆಯ ದೇವಿ ಹುಲಿಗೆಮ್ಮನಿಗೆ ಹರಕೆ ಹೊತ್ತಿದ್ದೇನೆಂದು ನನ್ನ ಕೈಗೆ ದಾರ ಕಟ್ಟಿದರು. ಕೊನೆಗೆ ಮೆಟ್ಟಿಲ ಮೇಲೆ ಕೋಲಿನ ಸದ್ದು ಕೇಳಿತು. ಮಾರಮ್ಮ ಹತ್ತಿ ಬಂದು ಟ್ರಂಕಿನ ಮೇಲೆ ಕುಳಿತರು. ನನ್ನ ಮನೆ ಇಷ್ಟು ತುಂಬಿದ್ದನ್ನು ನಾನು ನೋಡಿರಲಿಲ್ಲ. ಹೊರಗೆ ಎಷ್ಟೊಂದು ಚಪ್ಪಲಿ! ಒಂದು ಫೋಟೋ ತೆಗೆಯೋಣವೇ ಅನಿಸಿತು. ಆದರೆ ಸಭೆ ಶುರುವಾಗಬೇಕಿತ್ತು.

"ಎಲ್ಲರೂ ಬಂದಿದ್ದಕ್ಕೆ ಸಂತೋಷ," ಎಂದೆ. "ಇದನ್ನ ನಾನೊಬ್ಬನೇ ತೀರ್ಮಾನ ಮಾಡೋಕೆ ಆಗ್ತಾ ಇಲ್ಲ."

ರೇಖಾ ಬಿಕ್ಕಿದಳು. ದೇವರಾಜ್ ಗಂಟಲು ಸರಿಮಾಡಿಕೊಂಡರು. "ಭಾವ, ಒಬ್ಬರ ಮಾತು ಕೇಳಿ ಕೂರೋದು ಬೇಡ. ಸೆಕೆಂಡ್ ಒಪಿನಿಯನ್ ತಗೊಳ್ಳೋಣ. ಬನಶಂಕರೀಲಿ ನನಗೊಬ್ರು ಗೊತ್ತು, ದೊಡ್ಡ ಹೆಸರು."

"ಹೌದಾ? ಅವರು ಯಾವ ಕ್ಯಾಮೆರಾ ಇಟ್ಕೊಂಡಿದ್ದಾರೆ?"

"ಕ್ಯಾಮೆರಾ? ಗಂಟಲೊಳಗೆ ಬಿಟ್ಟು ನೋಡೋದಾ?"

"ಗಂಟಲೊಳಗೆ ಯಾಕೆ ಬಿಡ್ತಾರೆ?"

"ಮತ್ತೆಲ್ಲಿ ಬಿಡ್ತಾರೆ ಭಾವ?" ಎಂದ ದೇವರಾಜ್, ಹೆಂಗಸರು ಇರುವುದನ್ನು ನೋಡಿ ಸುಮ್ಮನಾದರು.

ಆಗ ಮಾರಮ್ಮ ಕೋಲಿನಿಂದ ನೆಲ ಕುಟ್ಟಿದರು. "ಅದಿರ್ಲಿ. ನಂಗೊಂದು ಹೇಳಪ್ಪ ಭೀಮಣ್ಣ. ನನ್ನ ಮೊಳೆ ಇನ್ನೂ ಖಾಲಿ ಅದೆ. ಎಂಬತ್ತಾಗಕ್ ಬಂದಿರೋಳು ನಾನಿರೋವಾಗ ಸಾಯಕ್ಕೆ ನೀನ್ಯಾಕೆ ಮುಂದ್ ನುಗ್ತಾ ಇದ್ದೀಯ?"

"ಸಾಯೋದಾ? ಯಾರು ಸಾಯ್ತಾ ಇರೋದು?" ಎಂದೆ.

ಎಲ್ಲರೂ ನನ್ನನ್ನು ನೋಡಿದರು. ನಾನು ಹಿಂದೆ ತಿರುಗಿ ನೋಡಿದೆ. ಹಿಂದೆ ಫ್ರಿಜ್ ಇತ್ತು.

ಆಮೇಲೆ ನಡೆದದ್ದನ್ನು ವಿವರವಾಗಿ ಬರೆಯಲು ನನಗೆ ಸಂಕೋಚವಾಗುತ್ತದೆ. ನಾನು ಥರ್ಮೊಕೋಲ್ ಪೆಟ್ಟಿಗೆ ತೆರೆದು ಹಾರ್ಡ್ ಡಿಸ್ಕ್ ತೋರಿಸಿದೆ. ಬಸವಪ್ರಸಾದ್ ಡಾಕ್ಟರಲ್ಲ, ಫೋಟೋ ಮೇಷ್ಟರು ಎಂದೆ. ಡಿಎನ್‌ಜಿ ಅಂಟುವುದಿಲ್ಲ ಎಂದೆ. ಎಳನೀರಿನ ಗೊಂಚಲು ಜಾರಿ ಒಂದು ಕಾಯಿ ಉರುಳಿ ಮಂಚದ ಕೆಳಗೆ ಹೋದದ್ದು ಎಲ್ಲರಿಗೂ ಕೇಳಿಸಿತು.

"ಫೋಟೋಗಾ?" ಎಂದಳು ರೇಖಾ. "ಫೋಟೋ ಇಡೋದಕ್ಕಾ? ಎರಡು ದಿನದಿಂದ ನನ್ನ ಗಂಟಲಲ್ಲಿ ಅನ್ನ ಇಳಿದಿಲ್ಲ ಕಣೋ!"

"ನಾನು ಆಫೀಸಲ್ಲಿ ರಜಾ ಬೇರೆ ಹೇಳಿಟ್ಟಿದ್ದೆ," ಎಂದರು ದೇವರಾಜ್.

"ಆಸ್ಪತ್ರೆಗೆ ಅಂತಾನಾ?" ಎಂದೆ.

"ಅಲ್ಲ. ತಿಥಿವರೆಗೂ ಬೇಕಾಗುತ್ತೆ ಅಂತ," ಎಂದು ಹೇಳಿ, ಹೇಳಬಾರದಿತ್ತೆಂದು ಹೆಂಡತಿಯ ಮುಖ ನೋಡಿದರು.

ಸಂಜೀವಯ್ಯ ಸಾವರಿಸಿಕೊಂಡು, "ಹಂಗಾದ್ರೆ ಮನೆ..." ಎಂದು ಶುರುಮಾಡಿ ನಿಲ್ಲಿಸಿದರು. ಅಡುಗೆಮನೆ ಕಟ್ಟೆಯ ಅಳತೆ ತೆಗೆದುಕೊಂಡು ಹೋದ ಆಕೆಯ ನೆನಪು ಅವರಿಗೂ ಬಂದಿರಬೇಕು.

"ಇಷ್ಟು ರಂಪಾಟ ಮಾಡಿಸಿದ ಫೋಟೋ ಆದ್ರೂ ನೋಡೋಣ, ತೋರಿಸಿ," ಎಂದರು ದೇವರಾಜ್. ನಾನು ತೋರಿಸಿದೆ. ರಾ ಫೈಲು ತೆರೆದಾಗ ಮಂಕಾಗಿ, ಬೂದಿ ಮೆತ್ತಿದ ಹಾಗಿರುತ್ತದೆ. ಅದನ್ನು ಆಮೇಲೆ ತಿದ್ದಿ ಬೆಳಗಿಸಬೇಕು. ಆ ಮಾತು ಹೇಳುವಷ್ಟರಲ್ಲಿ ಬಟ್ಟೆ ಹಗ್ಗ, ಬೆಕ್ಕು ಎಲ್ಲ ಮುಗಿದು, ಹೊಸಿಲಲ್ಲಿ ಕುಳಿತ ಮಾರಮ್ಮ ಪರದೆಯ ಮೇಲೆ ಬಂದಿದ್ದರು. "ನನ್ನ ಮೊಬೈಲಲ್ಲಿ ಇದಕ್ಕಿಂತ ಚೆನ್ನಾಗಿ ಬರುತ್ತೆ," ಎಂದರು ದೇವರಾಜ್. ಹುಲಿಗೆವ್ವ ನಗು ತಡೆಯಲು ಸೆರಗು ಬಾಯಿಗಿಟ್ಟುಕೊಂಡರು. ಮಾರಮ್ಮ ಮಾತ್ರ ಮುಂದೆ ಬಗ್ಗಿ, "ಇದು ನಾನ?" ಎಂದರು.

"ನೀವೇ ಅಮ್ಮ."

"ಹೂಂ," ಎಂದು ಎದ್ದು ಕೆಳಗಿಳಿದು ಹೋದರು.

ಒಬ್ಬೊಬ್ಬರಾಗಿ ಎಲ್ಲರೂ ಹೊರಟರು. ಎಳನೀರನ್ನೂ ಹಾರ್ಲಿಕ್ಸನ್ನೂ ನಾನೇ ಒತ್ತಾಯ ಮಾಡಿ ವಾಪಸು ಕೊಟ್ಟೆ. ಆರೋಗ್ಯವಂತ ಮನುಷ್ಯ ಅವನ್ನು ಇಟ್ಟುಕೊಳ್ಳುವುದು ಸರಿಯಲ್ಲ. ಹುಲಿಗೆವ್ವ ತಮ್ಮ ಸ್ಟೀಲ್ ಡಬ್ಬಿಗಳನ್ನು ಜೋಡಿಸಿಕೊಂಡು ಹೋದರು. ರೇಖಾ ಬಾಗಿಲಲ್ಲಿ ನಿಂತು ಏನೋ ಹೇಳಲು ಬಾಯಿ ತೆರೆದಳು. ಕೆಳಗೆ ದೇವರಾಜ್ ಗಾಡಿ ಸ್ಟಾರ್ಟ್ ಮಾಡಿದ್ದರು. "ಗೌರಿ ಹಬ್ಬಕ್ಕೆ ಬಾ," ಎಂದಳು. ಟೀ ಮಾಡಿರಲಿಲ್ಲ. ಆರು ಲೋಟಗಳು ಬೋರಲು ಹಾಕಿದ ಹಾಗೇ ಇದ್ದವು.

ಮರುದಿನದಿಂದ ಹಾಲಿನವನು ಪ್ಯಾಕೆಟ್ಟನ್ನು ಗೇಟಿನಿಂದಲೇ ಎಸೆಯತೊಡಗಿದ. ಇಸ್ತ್ರಿ ಅಂಗಡಿಯವನು, "ಬಟ್ಟೆ ರೆಡಿ ಇದೆ, ಬಂದು ತಗೊಂಡು ಹೋಗಿ," ಎಂದು ಮೆಸೇಜು ಕಳಿಸಿದ. ಅವರ ಮೇಲೆ ನನಗೆ ಬೇಸರವಿಲ್ಲ. ಸಾಯುವವನಿಗೆಂದು ಕೊಟ್ಟ ಸಮಯವನ್ನು ಬದುಕಿರುವವನು ಬಳಸಿಕೊಂಡದ್ದು ಒಂದು ರೀತಿಯಲ್ಲಿ ಮೋಸವೇ. ಯಾರಿಗಾದರೂ ಕ್ಷಮೆ ಕೇಳಬೇಕೆಂದು ಮೆಟ್ಟಿಲಲ್ಲಿ ಕಾದರೂ ಎಲ್ಲರೂ ಅವಸರದಲ್ಲಿರುತ್ತಿದ್ದರು.

ಅದೇ ಸಮಯಕ್ಕೆ ನನಗೆ ನಿಜವಾಗಿಯೂ ಜ್ವರ ಬಂತು. ಕಾಯಿಲೆಗಳಿಗೂ ಸಮಯಪ್ರಜ್ಞೆ ಇರುವುದಿಲ್ಲ. ರಗ್ಗು ಹೊದ್ದು ಹಾಲಿನ ಪ್ಯಾಕೆಟ್ಟು ಎತ್ತಿಕೊಳ್ಳಲು ಇಳಿಯುತ್ತಿದ್ದಾಗ ಹುಲಿಗೆವ್ವ ಎದುರಾದರು.

"ಏನಾತ್ರೀ ಅಣ್ಣಾರ?"

"ಸ್ವಲ್ಪ ಜ್ವರ ಅಕ್ಕ."

"ಹೌದೇನ್ರೀ! ಯಾವ ಫಾರ್ಮ್ಯಾಟಿನ ಜ್ವರರೀ?" ಎಂದು ನಕ್ಕು ಕೆಲಸಕ್ಕೆ ಹೋದರು. ನಾನೂ ನಕ್ಕೆ. ಅದು ಒಳ್ಳೆಯ ಹಾಸ್ಯವೇ ಆಗಿತ್ತು. ಆಮೇಲೆ ಮೇಲೆ ಬಂದು, ಔಷಧ ವ್ಯಾಪಾರಿಯ ಬಳಿ ಕೆಲಸ ಮಾಡುವವನ ಮನೆಯಲ್ಲಿ ಒಂದೂ ಜ್ವರದ ಮಾತ್ರೆ ಇಲ್ಲ ಎಂಬುದನ್ನು ಕಂಡುಕೊಂಡೆ. ತೇವ ಹೀರುವ ಪೊಟ್ಟಣಗಳು ಬೇಕಾದಷ್ಟಿದ್ದವು.

ಜ್ವರ ಬಿಟ್ಟ ಮೇಲೆ ಲ್ಯಾಪ್‌ಟಾಪ್ ತೆರೆಯುವ ಮನಸ್ಸಾಗಲಿಲ್ಲ. ಐವತ್ತು ವರ್ಷದ ನಂತರದ ಮಾತು ಹಾಗಿರಲಿ, ಫೋಟೋ ಈ ವಾರ ತೆರೆದರೂ ನೋಡುವವರು ಇರಲಿಲ್ಲ. ಟ್ರಂಕನ್ನು ಗುಜರಿಗೆ ಹಾಕೋಣವೆಂದು ಬಾಗಿಲ ಬಳಿ ಎಳೆದಿಟ್ಟೆ.

ದೀಪ ಹಾಕುವ ಹೊತ್ತು. ಮೆಟ್ಟಿಲ ಮೇಲೆ ಕೋಲಿನ ಸದ್ದು ಕೇಳಿತು. ಒಂದು ಮೆಟ್ಟಿಲು, ಒಂದು ಉಸಿರು. ಇನ್ನೊಂದು ಮೆಟ್ಟಿಲು, ಸಂಜೀವಯ್ಯನವರಿಗೆ ಒಂದು ಬೈಗುಳ. ಮಾರಮ್ಮ ಬಂದು, ಬಾಗಿಲ ಬಳಿಯಿದ್ದ ಟ್ರಂಕಿನ ಮೇಲೆ ಕುಳಿತರು.

"ಆ ನನ್ನ ಫೋಟೋ ತೆಗಿ."

"ಯಾಕಮ್ಮ?"

"ಸಂಜೀವ ಮೊಳೆ ಹೊಡ್ಸವ್ನಲ್ಲ. ಫೋಟೋ ಎಲ್ಲೈತೋ ಅಂದ್ರೆ, ಆಧಾರ್ ಕಾರ್ಡಿಂದೇ ದೊಡ್ಡದು ಮಾಡ್ಸಿದ್ರಾಯ್ತು ಅಂತಾನೆ, ಮುಂಡೇಗಂಡ. ಆ ಕಾರ್ಡಲ್ಲಿ ನನ್ನ ನೋಡಿದ್ದೀಯ? ಸರ ಕದ್ದು ಸಿಕ್ಕಾಕ್ಕೊಂಡೋಳ ಥರ ಇದ್ದೀನಿ. ಅದನ್ನ ಹಾಕ್ಕೊಂಡು ಬುದ್ಧನ ಸಾಲಲ್ಲಿ ಕೂತ್ಕೊಳ್ಳಕ್ಕಾಯ್ತದ?"

ಲ್ಯಾಪ್‌ಟಾಪ್ ತೆರೆದೆ. ಅವರ ಫೋಟೋ ಎರಡು ಪ್ರತಿಯಲ್ಲಿತ್ತು: ಮೇಲೆ ಡಿಎನ್‌ಜಿ, ಕೆಳಗೆ ಕಂಪನಿಯದು. ಅಭ್ಯಾಸಬಲದಿಂದ ನನ್ನ ಬೆರಳು ಎರಡರ ನಡುವೆ ನಿಂತಿತು. ತಪ್ಪು ಫೈಲು ತಿದ್ದಿಬಿಟ್ಟರೆ?

"ಮೇಲ್ಗಡೇದು ತೆಗಿ," ಎಂದರು ಮಾರಮ್ಮ. "ಕೆಳಗಡೇದು ನೋಡಕ್ಕೆ ನಂಗೆ ಬಗ್ಗಕ್ಕಾಗಕಿಲ್ಲ."

ನಾಲ್ಕು ತಿಂಗಳು ನನ್ನ ನಿದ್ದೆ ಕೆಡಿಸಿದ್ದ ಪ್ರಶ್ನೆ ಹೀಗೆ ಮಾರಮ್ಮನವರ ಸೊಂಟನೋವಿನಿಂದ ಇತ್ಯರ್ಥವಾಯಿತು. ಬಸವಪ್ರಸಾದರ ಪಾಠದಲ್ಲಿ ಈ ಕಾರಣ ಇರಲಿಲ್ಲ.

ತಿದ್ದಲು ಕುಳಿತೆವು. "ಇನ್ನೊಂಚೂರು ಬೆಳಕು ಮಾಡು. ಅಷ್ಟು ಬ್ಯಾಡ, ಸುಣ್ಣ ಬಳ್ದಂಗಾಯ್ತು. ಮೂಗುತಿ ಎಲ್ಲೋಯ್ತು? ಹಾಂ, ಬಂತು. ಈ ಸುಕ್ಕು ತೆಗೆಯಕ್ಕಾಯ್ತದ? ತೆಗಿ." ನಾನು ಸ್ವಲ್ಪ ತೆಗೆದೆ. ಅವರು ಕಣ್ಣು ಕಿರಿದು ಮಾಡಿ ನೋಡಿದರು. "ನಮ್ಮ ಯಜಮಾನ್ರು ಗೋಡೆ ಮ್ಯಾಲೆ ಮೂವತ್ತರ ಹುಡುಗ ಆಗಿ ಕೂತವ್ರೆ. ಪಕ್ಕದಲ್ಲಿ ನಾನು ಕೂತ್ರೆ ಅವರಜ್ಜಿ ಥರ ಕಾಣ್ತೀನಿ. ಇನ್ನೊಂಚೂರು ತೆಗಿ." ಇನ್ನೊಂಚೂರು ತೆಗೆದೆ. "ಬ್ಯಾಡ ಬ್ಯಾಡ, ವಾಪಸ್ ಹಾಕು. ಗುರುತೇ ಸಿಕ್ಕದಿದ್ರೆ ಆಮ್ಯಾಲೆ?"

ರಾ ಫೈಲಿನ ಗುಣವೇ ಅದು, ಎಷ್ಟು ಸಲ ಬೇಕಾದರೂ ವಾಪಸು ಹಾಕಬಹುದು. ನಾನು ಟೀ ಮಾಡಿದೆ. ಬೋರಲು ಹಾಕಿದ್ದ ಲೋಟಗಳಲ್ಲಿ ಎರಡನ್ನು ಎತ್ತಿಕೊಂಡೆ.

ಮಾರನೆಯ ಸಂಜೆ ಬಂದು ಹಣೆಯ ಮೇಲಿನ ನೆರಳು ಸರಿಯಿಲ್ಲ ಎಂದರು. ಅದರ ಮಾರನೆಯ ಸಂಜೆ ಸೊಪ್ಪಿನ ಬಣ್ಣ. ಆಮೇಲೆ ಮತ್ತೆ ಮೂಗುತಿ. ಹೀಗೆ ಎಷ್ಟು ಸಂಜೆಗಳಾದವೋ ನಾನು ಲೆಕ್ಕ ಇಟ್ಟಿಲ್ಲ. ಬಿಲ್ಲಿಂಗ್‌ನವನಾಗಿ ಇದು ನನಗೆ ಶೋಭಿಸುವುದಿಲ್ಲ. ಟ್ರಂಕು ಗುಜರಿಗೆ ಹೋಗಲಿಲ್ಲ. ಥರ್ಮೊಕೋಲ್ ಪೆಟ್ಟಿಗೆಯ ಮೇಲೆ ಅವರು ಕಾಲಿಟ್ಟುಕೊಳ್ಳುತ್ತಾರೆ, ಮಂಡಿಗೆ ಹಿತವಂತೆ.

ನಿನ್ನೆ ಸಂಜೀವಯ್ಯ ಮೆಟ್ಟಿಲ ಕೆಳಗಿಂದ ಕೂಗಿದರು. "ಅಮ್ಮ, ಮುಗೀತಾ? ನಾಳೆ ಫ್ರೇಮ್ ಅಂಗಡಿ ಕಡೆ ಹೋಗ್ತೀನಿ, ಕೊಟ್ಟು ಬರ್ತೀನಿ!"

"ನಿಂಗ್ಯಾಕೋ ಅಷ್ಟು ಅವಸರ?" ಎಂದು ಮಾರಮ್ಮ ಇಲ್ಲಿಂದಲೇ ಗದರಿದರು.

ಪರದೆಯ ಮೇಲೆ ಫೋಟೋ ಚೆನ್ನಾಗಿ ಬಂದಿತ್ತು. ನನ್ನ ಕೆಲಸದ ಬಗ್ಗೆ ನಾನು ಹಾಗೆ ಹೇಳುವುದು ಅಪರೂಪ. ಮೂಗುತಿ ಹೊಳೆಯುತ್ತಿತ್ತು, ಸುಕ್ಕುಗಳು ಇರಬೇಕಾದಷ್ಟೇ ಇದ್ದವು, ಸೊಪ್ಪು ಹಸಿರಾಗಿತ್ತು. ಅಷ್ಟು ದಿನವೂ ತೆರೆದೇ ಇಟ್ಟಿದ್ದ ಫೈಲನ್ನು ಮುಚ್ಚುವ ಗುಂಡಿ ಒತ್ತಿದಾಗ, ಮಾಡಿದ ಬದಲಾವಣೆಗಳನ್ನು ಉಳಿಸಬೇಕೇ ಎಂದು ಲ್ಯಾಪ್‌ಟಾಪ್ ಕೇಳಿತು. ಬೇಡ ಎಂದರೆ ಎಲ್ಲವೂ ಮೊದಲ ದಿನದ ಬೂದು ಬಣ್ಣಕ್ಕೆ ಹೋಗುತ್ತದೆ.

"ಸೇವ್ ಮಾಡ್ಲಾ ಅಮ್ಮ?"

ಮಾರಮ್ಮ ಫೋಟೋವನ್ನು ನೋಡಿದರು. ಲೋಟದಲ್ಲಿ ಉಳಿದಿದ್ದ ಟೀ ಕುಡಿದರು.

"ಇವತ್ತು ಬ್ಯಾಡ ಕಣಪ್ಪ. ಕಿವಿ ಹತ್ರ ಇನ್ನೂ ಸರಿಬಂದಿಲ್ಲ."

ಕಿವಿಯ ಹತ್ತಿರ ಎಲ್ಲವೂ ಸರಿಯಿತ್ತು. ನಾನು ಬೇಡ ಎಂದು ಒತ್ತಿದೆ. ಅವರು ಕೋಲು ಹುಡುಕಿಕೊಂಡು ಎದ್ದು, ಬಾಗಿಲಲ್ಲಿ ತಿರುಗಿ ಹೇಳಿದರು:

"ನಾಳೆ ಟೀಗೆ ಒಂಚೂರು ಶುಂಠಿ ಹಾಕು."